ಕರ್ತನ ಪಂಕ್ತಿ

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲಿನಲ್ಲಾಗಲಿ ಅದರ ಸುತ್ತಣ ರಾಗಿಯ ಸೀಮೆಯಲ್ಲಾಗಲಿ, ಮನುಷ್ಯನಿಗೂ ಮನುಷ್ಯನಿಗೂ ನಡುವೆ ಇರುವ ದೂರವೆಷ್ಟೆಂಬುದನ್ನು ಹಿಂದಿನವರು ಗೊತ್ತುಮಾಡಿಕೊಳ್ಳುತ್ತಿದ್ದುದು ಊಟದ ಮೂಲಕ. ಯಾರು ಯಾರ ನಡುಮನೆಯವರೆಗೆ ಬರಬಹುದು, ಯಾರ ಕೈಯ ನೀರು ಯಾರಿಗೆ ಸಲ್ಲುತ್ತದೆ, ಮದುವೆಯ ಚಪ್ಪರದಲ್ಲಿ ಮೊದಲ ಪಂಕ್ತಿಗೆ ಕುಳಿತುಕೊಳ್ಳತಕ್ಕವರು ಯಾರು, ಎಲ್ಲರದೂ ಮುಗಿದ ಮೇಲೆ ಹಿತ್ತಿಲ ಕಡೆ ನಿಂತು ಕಾಯತಕ್ಕವರು ಯಾರು ಎಂಬ ವಿಷಯಗಳನ್ನು ಯಾವ ಶಾಸನದಲ್ಲಿಯೂ ಕೆತ್ತಿಸಬೇಕಾಗಿರಲಿಲ್ಲ. ಅವು ಕೂಸಿಗೆ ತಾಯ್ನುಡಿಯ ಜತೆಯಲ್ಲಿಯೇ ತಿಳಿದುಬರುತ್ತಿದ್ದುವು. ಹೋಟೆಲುಗಳೂ ಶಾಲೆಯ ಬಿಸಿಯೂಟವೂ ಆ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿವೆಯಾದರೂ ಅದು ಪೂರ್ತಿಯಾಗಿ ಬಿಚ್ಚಿಹೋಗಿದೆಯೆಂದು ಪ್ರಾಮಾಣಿಕನಾದ ಯಾವನೂ ಹೇಳಲಾರನು. ಇಂಥ ನಾಡಿನಲ್ಲಿ ನೆಲೆಸಿರುವ ಕ್ರೈಸ್ತರ ಆರಾಧನೆಯ ಗರ್ಭದಲ್ಲಿ ಇರುವುದೂ ಒಂದು ಊಟವೇ. ಚರ್ಚಿಗೆ ಮದುವೆಗೆಂದೋ ಹಬ್ಬಕ್ಕೆಂದೋ ಹೋದ ನೆರೆಹೊರೆಯವರು ಕಂಡಿರುವುದಿಷ್ಟೆ: ಜನ ಸಾಲಾಗಿ ಮುಂದೆ ಹೋಗುತ್ತಾರೆ, ಏನನ್ನೋ ಬಾಯಲ್ಲಿಟ್ಟುಕೊಳ್ಳುತ್ತಾರೆ, ತಲೆ ತಗ್ಗಿಸಿ ತಮ್ಮ ಸ್ಥಳಕ್ಕೆ ಮರಳುತ್ತಾರೆ. ಆ ಕಿಂಚಿತ್ತಾದ ತುತ್ತು ಅದನ್ನು ಸ್ವೀಕರಿಸುವವನ ಸ್ವಂತ ಬಾಳಿನಲ್ಲಿ ಏನನ್ನು ನಡೆಸುತ್ತದೆಂಬುದನ್ನು, ಅದನ್ನು ಬಾಲ್ಯದಿಂದ ಕಂಡು ಬೆಳೆದವನಾಗಿ, ನನಗೆ ತಿಳಿದಮಟ್ಟಿಗೆ ಇಲ್ಲಿ ನಿರೂಪಿಸಲು ಯತ್ನಿಸುತ್ತೇನೆ.

ಕಥೋಲಿಕರು ಪರಮಪ್ರಸಾದವೆಂದೂ ಪ್ರಾಟೆಸ್ಟಂಟರು ಕರ್ತನ ರಾತ್ರಿಭೋಜನವೆಂದೂ ಕರೆಯುವ ಈ ಸಂಸ್ಕಾರದ ಮೂಲ, ಯೇಸುಸ್ವಾಮಿ ತನ್ನ ಶಿಷ್ಯರೊಡನೆ ಜೆರೂಸಲೇಮಿನಲ್ಲಿ ಉಂಡ ಕಡೆಯ ಊಟದಲ್ಲಿದೆ. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಕಾವ್ಯವನ್ನು ಓದಿದ ಕನ್ನಡಿಗರಿಗೆ ಯೇಸುವಿನ ಅಂತಿಮ ದಿನದ ಯಾತನೆ ಪರಿಚಿತವಷ್ಟೆ. ಈ ಊಟ ಅದರ ಹಿಂದಿನ ರಾತ್ರಿಯದು. ಐಗುಪ್ತದೇಶದ ದಾಸ್ಯದಿಂದ ತಮ್ಮ ಪೂರ್ವಿಕರಿಗೆ ಬಿಡುಗಡೆಯಾದುದನ್ನು ಯೆಹೂದ್ಯರು ಸ್ಮರಿಸುವ ಪಸ್ಕಹಬ್ಬದ ಕಾಲವದು. ರೊಟ್ಟಿಯನ್ನು ಎತ್ತಿ, ದೇವರಿಗೆ ಸ್ತೋತ್ರ ಸಲ್ಲಿಸಿ, ಮುರಿದು ಹಂಚುತ್ತ ಅದು ತನ್ನ ದೇಹವೆಂದೂ, ದ್ರಾಕ್ಷಾರಸದ ಪಾತ್ರೆಯನ್ನು ಕೊಡುತ್ತ ಅದು ತನ್ನ ರಕ್ತದಲ್ಲಿ ಸ್ಥಾಪಿತವಾಗುವ ಹೊಸ ಒಡಂಬಡಿಕೆಯೆಂದೂ ಹೇಳಿ, ತನ್ನ ಸ್ಮರಣೆಗಾಗಿ ಹಾಗೆಯೇ ಮಾಡುತ್ತಿರಬೇಕೆಂದು ಆತನು ವಿಧಿಸಿದನು. ಇದನ್ನು ಕೇಳುವಾಗಲೆಲ್ಲ ನನ್ನ ಮನಸ್ಸು ಮೊದಲು ನಿಲ್ಲುವುದು ಆ ಪಂಕ್ತಿಯಲ್ಲಿ ಕುಳಿತಿದ್ದವರ ಮೇಲೆ. ಅವರಲ್ಲೊಬ್ಬನು ಗುರುವನ್ನು ಹಣಕ್ಕೆ ಮಾರಿ ಬಂದಿದ್ದನು. ಮತ್ತೊಬ್ಬನು ಕೋಳಿ ಕೂಗುವುದರೊಳಗೆ ಮೂರು ಸಲ ತಾನು ಆತನನ್ನು ಅರಿಯೆನೆಂದು ಹೇಳುವವನಿದ್ದನು. ಉಳಿದವರಲ್ಲಿ ಬಹುಮಂದಿ ಕತ್ತಲೆಯಲ್ಲಿ ಓಡಿಹೋಗತಕ್ಕವರು. ಇವರೆಲ್ಲರ ಅಂತರಂಗವನ್ನು ಬಲ್ಲವನೇ ಇವರಿಗೆ ರೊಟ್ಟಿಯನ್ನು ಕೊಟ್ಟನು. ಯೋಗ್ಯತೆಯನ್ನು ಸಂಪಾದಿಸಿಕೊಂಡು ಬಂದವರಿಗೆ ಮಾತ್ರ ಆ ಊಟವೆಂದಾಗಿದ್ದರೆ ಅಂದು ರಾತ್ರಿ ಅದು ನಡೆಯುತ್ತಲೇ ಇರಲಿಲ್ಲ.

ಪ್ರಾಟೆಸ್ಟಂಟರಲ್ಲಿ, ದಕ್ಷಿಣ ಭಾರತ ಸಭೆಗೆ ಸೇರಿದ ಕನ್ನಡ ಚರ್ಚುಗಳಲ್ಲಿ ಸಾಮಾನ್ಯವಾಗಿ ತಿಂಗಳ ಮೊದಲನೆಯ ಭಾನುವಾರ ಈ ಸಂಸ್ಕಾರ ನಡೆಯುವುದು. ಪಾಪನಿವೇದನೆ, ವೇದವಾಕ್ಯಗಳ ಪಠನ, ಪ್ರಸಂಗ ಇವೆಲ್ಲ ಆದಮೇಲೆ ಸಭಾಪಾಲಕರು ರೊಟ್ಟಿಯನ್ನು ಮುರಿಯುತ್ತಾರೆ. ಜನ ಸಾಲುಸಾಲಾಗಿ ಮುಂದೆ ಬಂದು ಅಡ್ಡಕಟಕಟೆಯ ಬಳಿ ಮೊಣಕಾಲೂರಿ, ಎಡ ಅಂಗೈಯ ಮೇಲೆ ಬಲ ಅಂಗೈಯನ್ನಿಟ್ಟು ಚಾಚುತ್ತಾರೆ. ಕಥೋಲಿಕರಲ್ಲಿ ಈ ಸಂಸ್ಕಾರ ನಡೆಯುವ ಆರಾಧನೆಯಾದ ಬಲಿಪೂಜೆ ದಿನದಿನವೂ ಉಂಟು. ಗುರುಗಳು ಗೋಧಿಯ ತೆಳುವಾದ ಅಪ್ಪವನ್ನು ತೋರಿಸಿ ಅದು ಕ್ರಿಸ್ತನ ದೇಹವೆಂದಾಗ, ಸ್ವೀಕರಿಸುವವನು ಆಮೆನ್ ಎಂದು ಕೈಯಲ್ಲಾಗಲಿ ನಾಲಗೆಯ ಮೇಲಾಗಲಿ ಪಡೆಯುತ್ತಾನೆ. ಕ್ರಮಗಳು ಬೇರೆಯಾದರೂ ಎರಡರಲ್ಲಿಯೂ ಒಂದು ಸಂಗತಿ ಸಮಾನ: ಮುಂದೆ ಬಂದ ಜನರಲ್ಲಿ ಯಾವನೂ ತಾನಾಗಿ ತೆಗೆದುಕೊಳ್ಳುವುದಿಲ್ಲ, ಎಲ್ಲರೂ ಇನ್ನೊಬ್ಬರ ಕೈಯಿಂದ ಪಡೆಯುತ್ತಾರೆ. ಕೊಡುವ ಸಭಾಪಾಲಕನೂ ಅದೇ ರೊಟ್ಟಿಯ ಅವಶ್ಯಕತೆಯುಳ್ಳವನು. ಜೀವನವಿಡೀ ದುಡಿದು, ಉಳಿಸಿ, ಯಾರ ಋಣಕ್ಕೂ ಬೀಳದೆ ಬಾಳಿದೆನೆಂಬ ಹೆಮ್ಮೆಯುಳ್ಳ ರೈತನು ಬರಿಗೈ ಚಾಚಿ ನಿಲ್ಲಬೇಕಾದ ಸ್ಥಳ ಲೋಕದಲ್ಲಿ ಇನ್ನೊಂದಿರಲಾರದು. ಅವನ ಪಕ್ಕದಲ್ಲಿಯೇ, ಅವನ ಹೊಲದಲ್ಲಿ ಕಳೆ ಕಿತ್ತು ಒಡೆದ ಅಂಗೈಯನ್ನು ಅವನಷ್ಟೇ ಅಗಲವಾಗಿ ಚಾಚಿರುವ ಕೂಲಿಯ ಹೆಂಗಸು ಇರುತ್ತಾಳೆ. ಅವರಿಬ್ಬರಿಗೂ ಬರುವುದು ಒಂದೇ ಗಾತ್ರದ ತುಂಡು.

ಈ ಸಂಸ್ಕಾರದ ದ್ರವ್ಯಗಳೆರಡೂ ನಮ್ಮ ಸೀಮೆಯ ದಿನಬಳಕೆಯ ಆಹಾರವಲ್ಲ. ಗೋಧಿಯ ರೊಟ್ಟಿಗೂ ರಾಗಿಮುದ್ದೆಯ ನಾಡಿಗೂ ಏನು ಸಂಬಂಧವೆಂದು ಕೇಳುವವರುಂಟು, ರಾಗಿಯ ರೊಟ್ಟಿಯನ್ನೇ ಏಕೆ ಇಡಬಾರದೆಂಬ ವಿಚಾರವೂ ಹುಟ್ಟದೆ ಇರುವುದಿಲ್ಲ. ಕಥೋಲಿಕ ಧರ್ಮಸಭೆಯ ನಿಯಮ ಈ ವಿಷಯದಲ್ಲಿ ಖಚಿತವಾಗಿದೆ: ಅಪ್ಪ ಶುದ್ಧ ಗೋಧಿಯದೇ ಆಗಿರಬೇಕು, ರಸ ದ್ರಾಕ್ಷಿಯಿಂದಲೇ ಆದ ಸಹಜವಾದ ಮದ್ಯವಾಗಿರಬೇಕು. ಪ್ರಾಟೆಸ್ಟಂಟರಲ್ಲಿ ಅನೇಕರು ಹುಳಿಯದ ದ್ರಾಕ್ಷಾರಸವನ್ನು ಬಳಸುತ್ತಾರೆ. ಅಮೆರಿಕದಲ್ಲಿ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯನು 1869ರಲ್ಲಿ ರಸವನ್ನು ಕಾಯಿಸಿ ಹುಳಿಯದಂತೆ ಇಡುವ ಉಪಾಯವನ್ನು ಕಂಡುಹಿಡಿದುದು ಈ ಭೋಜನಕ್ಕಾಗಿಯೇ. ದ್ರಾಕ್ಷಿಯ ಮಟ್ಟಿಗೆ ನಮ್ಮ ಜಿಲ್ಲೆ ಪರದೇಶವೇನೂ ಅಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆ ಚಪ್ಪರ ಹಾಕಿ ಬೆಳೆಯುವ, ಬೆಂಗಳೂರ್ ಬ್ಲೂ ಎಂದು ಹೆಸರಾದ ಕಪ್ಪು ದ್ರಾಕ್ಷಿ ರಸಕ್ಕೂ ಮದ್ಯಕ್ಕೂ ಒದಗುವಂಥದೇ. ಗೋಧಿಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಅದು ನಮ್ಮ ಹೊಲದ್ದಲ್ಲವೆಂಬುದೇ ನನಗೆ ಪ್ರಿಯವಾಗಿದೆ. ನಮ್ಮವರಲ್ಲದವರ ನಡುವೆ, ನಮ್ಮದಲ್ಲದ ಕಾಲದಲ್ಲಿ ಪ್ರಾರಂಭವಾದ ಪಂಕ್ತಿಗೆ ತಡವಾಗಿ ಬಂದು ಕುಳಿತವರು ನಾವು ಎಂಬ ನೆನಪು ಆ ತುಂಡಿನಲ್ಲಿ ಇದೆ.

ಇನ್ನು ಸಿದ್ಧತೆಯ ವಿಷಯ. ಪರಮಪ್ರಸಾದವನ್ನು ಸ್ವೀಕರಿಸತಕ್ಕ ಕಥೋಲಿಕನು ಹಿಂದಿನ ಕಾಲದಲ್ಲಿ ನಡುರಾತ್ರಿಯಿಂದ ಅನ್ನವನ್ನೂ ನೀರನ್ನೂ ಮುಟ್ಟುವಂತಿರಲಿಲ್ಲ. ರೋಮಿನ ಪೋಪರಾದ ಹನ್ನೆರಡನೆಯ ಪಯಸ್ ಜಗದ್ಗುರುಗಳು 1957ರಲ್ಲಿ ಈ ಉಪವಾಸವನ್ನು ಮೂರು ಗಂಟೆಗಳಿಗೂ, ಆರನೆಯ ಪೌಲರು 1964ರಲ್ಲಿ ಒಂದು ಗಂಟೆಗೂ ಇಳಿಸಿದರು. ಅದಕ್ಕೂ ಹಿಂದೆ, 1910ರಲ್ಲಿ, ಹತ್ತನೆಯ ಪಯಸ್ ಜಗದ್ಗುರುಗಳು ಸುಮಾರು ಏಳು ವರ್ಷದ, ತಿಳಿವಳಿಕೆ ಬಂದ ಮಕ್ಕಳಿಗೂ ಪರಮಪ್ರಸಾದ ಸಲ್ಲಬೇಕೆಂದು ವಿಧಿಸಿದುದರಿಂದ, ಬಿಳಿಯ ಉಡುಪು ತೊಟ್ಟು ಮೊಂಬತ್ತಿ ಹಿಡಿದು ಬರುವ ಚಿಕ್ಕ ಮಕ್ಕಳ ಮೊದಲ ಪರಮಪ್ರಸಾದ ಕಥೋಲಿಕ ಮನೆಗಳಲ್ಲಿ ದೊಡ್ಡ ಹಬ್ಬವಾಗಿದೆ. ಪ್ರಾಟೆಸ್ಟಂಟರಲ್ಲಿಯಾದರೋ, ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ದೃಢೀಕರಣವಾದ ಮೇಲೆ ಈ ಭೋಜನಕ್ಕೆ ಸೇರಿಸಿಕೊಳ್ಳುವುದು ಬಹುಕಾಲದ ವಾಡಿಕೆ.

ಆದರೆ ಹೊಟ್ಟೆಯ ಉಪವಾಸಕ್ಕಿಂತ ಕಠಿಣವಾದ ಸಿದ್ಧತೆಯೊಂದುಂಟು. ಕಾಣಿಕೆಯನ್ನು ಅರ್ಪಿಸಲು ಬಂದವನಿಗೆ ತನ್ನ ಮೇಲೆ ಸಹೋದರನಿಗೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಡನೆ ಸಮಾಧಾನಮಾಡಿಕೊಂಡು ಬರಬೇಕೆಂದು ಯೇಸುಸ್ವಾಮಿ ಬೋಧಿಸಿದನಷ್ಟೆ. ಹಳ್ಳಿಯ ಬಾಳನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಹೊಲದ ಬದುವನ್ನು ಮೊಳದಷ್ಟು ಒತ್ತಿದುದಕ್ಕಾಗಿ ಎರಡು ತಲೆಮಾರು ಮಾತು ಬಿಟ್ಟ ದಾಯಾದಿಗಳು, ಪಾಲಿನ ಪಂಚಾಯಿತಿಯಲ್ಲಿ ಒಡೆದುಹೋದ ಅಣ್ಣತಮ್ಮಂದಿರು, ಹಸುವಿನ ಬೆಲೆಯಲ್ಲಿ ಮೋಸವಾಯಿತೆಂದು ಮನಸ್ಸಿನಲ್ಲಿಯೇ ಕುದಿಯುವ ನೆರೆಯವರು ಎಲ್ಲ ಮತಗಳಲ್ಲಿಯೂ ಇದ್ದಾರೆ, ಕ್ರೈಸ್ತರಲ್ಲಿಯೂ ಇದ್ದಾರೆ. ಅವರು ಒಂದೇ ಚರ್ಚಿನಲ್ಲಿ ಒಂದೇ ಕಟಕಟೆಯ ಬಳಿಗೆ ಬರಬೇಕಾದಾಗ ಎದ್ದುಬರುವ ಸಂಕಟ ಸಾಮಾನ್ಯವಾದುದಲ್ಲ. ಕೆಲವರು ಆ ದಿನ ಎದ್ದು ಹೋಗದೆ ತಮ್ಮ ಬೆಂಚಿನಲ್ಲಿಯೇ ಕುಳಿತಿರುತ್ತಾರೆ. ಹಾಗೆ ಕುಳಿತವರನ್ನು ಭಕ್ತಿಯಿಲ್ಲದವರೆಂದು ನಾನು ಎಂದೂ ಭಾವಿಸಿದವನಲ್ಲ. ಅವರು ಆ ರೊಟ್ಟಿಯ ಅರ್ಥವನ್ನು ಬಹಳ ಮಂದಿಗಿಂತ ಚೆನ್ನಾಗಿ ಅರಿತವರು. ದೇವರೊಡನೆ ನನ್ನ ಲೆಕ್ಕ ಬೇರೆ, ನೆರೆಯವನೊಡನೆ ನನ್ನ ಲೆಕ್ಕ ಬೇರೆ ಎಂದು ಎರಡು ಪುಸ್ತಕಗಳನ್ನು ಇಟ್ಟುಕೊಳ್ಳಲು ಈ ಭೋಜನ ಎಡೆಗೊಡುವುದಿಲ್ಲ. ವ್ಯಕ್ತಿಯೊಬ್ಬನಿಗೆ ಇದರಿಂದಾಗುವ ಅನುಭವ ಅತ್ಯಂತ ಆಂತರಿಕವಾದುದು, ನಿಜ. ಆದರೆ ಆ ಆಂತರ್ಯದೊಳಕ್ಕೆ ನೆರೆಯವನೂ ಬಂದು ಕುಳಿತುಬಿಡುತ್ತಾನೆ. ಒಂಟಿಯಾಗಿ ಉಣ್ಣಲಾಗದ ಊಟವಿದು.

ಸಹಪಂಕ್ತಿಯ ಈ ಪರೀಕ್ಷೆಯಲ್ಲಿ ಕ್ರೈಸ್ತರು ಸದಾ ತೇರ್ಗಡೆಯಾದರೆಂದು ಹೇಳುವುದು ಸತ್ಯವಾಗದು. ಯೇಸುವಿನ ಮರಣವಾಗಿ ಇನ್ನೂ ಮೂವತ್ತು ವರ್ಷಗಳಾಗುವ ಮುನ್ನವೇ, ಗ್ರೀಸ್ ದೇಶದ ಕೊರಿಂಥದಲ್ಲಿ ಸಿರಿವಂತರು ಮೊದಲು ಬಂದು ಉಂಡು ತೇಗಿ, ದುಡಿದು ದಣಿದು ತಡವಾಗಿ ಬಂದ ಬಡವರು ಹಸಿದಿರುವಂತೆ ಮಾಡುತ್ತಿದ್ದರು. ಅಂಥದನ್ನು ಕರ್ತನ ಭೋಜನವೆಂದು ಕರೆಯಲಾಗದೆಂದು ಅಪೊಸ್ತಲನಾದ ಪೌಲನು ಅವರಿಗೆ ಖಂಡಿತವಾಗಿ ಬರೆಯಬೇಕಾಯಿತು. ನಮ್ಮ ದಕ್ಷಿಣದೇಶದಲ್ಲಿ ಈ ಭೇದ ಜಾತಿಯ ರೂಪವನ್ನು ತಾಳಿತು. ತಂಜಾವೂರು, ಮದರಾಸುಗಳ ಹಳೆಯ ಸಭೆಗಳಲ್ಲಿ ಮೇಲುಜಾತಿಯಿಂದ ಬಂದ ಕ್ರೈಸ್ತರು ಬೇರೆಯಾಗಿ ಕುಳಿತು, ಪಾತ್ರೆಯನ್ನು ಮೊದಲು ತಾವು ಸ್ವೀಕರಿಸಬೇಕೆಂದು ಹಟ ಹಿಡಿಯುತ್ತಿದ್ದರು. ಆ ಕಾಲಕ್ಕೆ ಈ ಭಾಗಗಳಿಗೂ ಮೇಲ್ವಿಚಾರಕನಾಗಿದ್ದ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಪತ್ರ ಬರೆದು, ಜಾತಿಭೇದವನ್ನು ಸಭೆಯಿಂದ ಒಡನೆಯೇ ಸಂಪೂರ್ಣವಾಗಿ ತೊಲಗಿಸಬೇಕೆಂದು ವಿಧಿಸಿದಾಗ ಅನೇಕರು ಸಭೆಯನ್ನೇ ಬಿಟ್ಟುಹೋದರು. ಅದರ ಮರುವರ್ಷ, 1834ರಲ್ಲಿ, ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕನ್ನಡ ಸೀಮೆಯಲ್ಲಿ ತಾವು ಕಟ್ಟಿದ ಸಭೆಗಳಲ್ಲಿ ಜಾತಿಗೆ ಎಡೆಯಿಲ್ಲವೆಂಬುದನ್ನು ಆರಂಭದಿಂದಲೇ ನಿಯಮವಾಗಿಟ್ಟರು. ಹೊಸದಾಗಿ ಸೇರಿದವನಿಗೆ ಇದರ ಬೆಲೆ ಎಷ್ಟೆಂಬುದನ್ನು ಇಂದು ನಾವು ಊಹಿಸುವುದು ಕಷ್ಟ. ತನ್ನ ಅಜ್ಜಂದಿರು ಯಾರ ನೆರಳಿಗೂ ಹಿಂಜರಿಯುತ್ತಿದ್ದರೋ ಅವರ ತುಟಿ ತಾಕಿದ ಪಾತ್ರೆಯನ್ನು ತನ್ನ ತುಟಿಗೆ ಮುಟ್ಟಿಸುವುದೆಂದರೆ, ಒಂದು ಗುಟುಕಿನಲ್ಲಿ ತನ್ನ ಕುಲವನ್ನೂ ಬಂಧುಬಳಗವನ್ನೂ ಹಿಂದಕ್ಕೆ ಬಾರದಂತೆ ದಾಟಿದಂತೆಯೇ. ಇನ್ನೊಂದು ಕಡೆಯಿಂದ ಬಂದವನಿಗಾದರೋ, ಎತ್ತರದಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿಯುತ್ತ ಬಂದ ತಲೆಮಾರುಗಳ ಬಳಿಕ, ಪಾತ್ರೆಯೇ ಕೈಗೆ ಬಂದ ದಿನವದು.

ನಮ್ಮ ದಕ್ಷಿಣದ ಕೆಲವು ಊರುಗಳಲ್ಲಿ ಇಂದಿಗೂ ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನವಿದೆ ಎಂಬುದನ್ನು ನೆನೆದಾಗ ಕೊರಿಂಥದವರಿಗೆ ಬರೆದ ಪತ್ರ ನಮ್ಮ ವಿಳಾಸಕ್ಕೂ ಬಂದುದೇ ಎನಿಸುತ್ತದೆ.

ಪದಾರ್ಥವೊಂದರ ಬೆಲೆ ಅದು ಇಲ್ಲದಾಗ ತಿಳಿಯುವುದೆಂಬುದು ಇಲ್ಲಿಯೂ ನಿಜ. ಟಿಪ್ಪುಸುಲ್ತಾನನು 1784ರಲ್ಲಿ ಮಂಗಳೂರು ಸೀಮೆಯ ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಕರೆತರಿಸಿದನು. ಪಾದ್ರಿಗಳನ್ನು ರಾಜ್ಯದಿಂದ ಹೊರಹಾಕಲಾಯಿತು, ಚರ್ಚುಗಳನ್ನು ಕೆಡವಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ, ಹದಿನೈದು ವರ್ಷ, ಆ ಜನ ಗುರುಗಳಿಲ್ಲದೆ ಬಾಳಿದರು. ಸಭೆಗೆ ಸೇರಿಸುವ ದೀಕ್ಷಾಸ್ನಾನವನ್ನು ಅವಶ್ಯವಿದ್ದಾಗ ಯಾವ ವಿಶ್ವಾಸಿಯಾದರೂ ಕೊಡಬಹುದು, ಜಪಮಾಲೆಯನ್ನು ಯಾರಾದರೂ ಎಣಿಸಬಹುದು. ಪರಮಪ್ರಸಾದವಾದರೋ ಗುರುವಿಲ್ಲದೆ ಆಗದು. ಸೆರೆಯಲ್ಲಿ ಹುಟ್ಟಿದ ಮಕ್ಕಳು ಅದರ ಹೆಸರನ್ನು ಕೇಳಿಯೇ ಬೆಳೆದಿರಬೇಕು. ಆ ರಾಜ್ಯ ಬಿದ್ದ ಮೇಲೆ ಅಲ್ಲಿನ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದವನು ಫ್ರಾನ್ಸಿನ ಅಬ್ಬೆ ದುಬೊಯ್. ನಮ್ಮ ಜನರ ಆಚಾರವ್ಯವಹಾರಗಳನ್ನು ಕುರಿತ ಗ್ರಂಥದಿಂದ ಪ್ರಸಿದ್ಧನಾದ ಆತನು ಮೈಸೂರು ಸೀಮೆಯಲ್ಲಿ 1823ರವರೆಗೆ ಇದ್ದನು. ನಮ್ಮ ಕಾಲದಲ್ಲಿಯೂ ಇಂಥ ಅಭಾವವೊಂದು ಬಂದುಹೋಯಿತು. 2020ರಲ್ಲಿ ಕೊರೋನಾ ರೋಗದ ಭೀತಿಯಿಂದ ಚರ್ಚುಗಳ ಬಾಗಿಲು ಮುಚ್ಚಿದಾಗ, ಕಥೋಲಿಕರು ಪರದೆಯ ಮೇಲೆ ಬಲಿಪೂಜೆಯನ್ನು ನೋಡುತ್ತ ಮನಸ್ಸಿನಲ್ಲಿಯೇ ಪ್ರಸಾದವನ್ನು ಬಯಸುವ ಪ್ರಾರ್ಥನೆಯನ್ನು ಹೇಳಿಕೊಂಡರು. ಪ್ರಾಟೆಸ್ಟಂಟರಲ್ಲಿ ಕೆಲವರು ತಮ್ಮ ಮನೆಯ ಮೇಜಿನ ಮೇಲೆ ರೊಟ್ಟಿಯನ್ನೂ ರಸವನ್ನೂ ಇಟ್ಟುಕೊಂಡು ದೂರದ ಸಭಾಪಾಲಕರ ಧ್ವನಿಯೊಡನೆ ಸೇವಿಸಿದರು. ಅದು ಸಲ್ಲುವುದೋ ಇಲ್ಲವೋ ಎಂದು ಪಂಡಿತರು ವಾದಿಸಿದರು. ನನ್ನ ಮಟ್ಟಿಗೆ, ಆಗ ರೊಟ್ಟಿಯ ಕೊರತೆಯಿರಲಿಲ್ಲ. ಪಕ್ಕದಲ್ಲಿ ಮೊಣಕಾಲೂರುವ ಇನ್ನೊಬ್ಬನ ಉಸಿರಿನ ಕೊರತೆಯಿತ್ತು.

ಈ ಸಂಸ್ಕಾರದ ಅರ್ಥವೇನೆಂಬ ವಿಷಯದಲ್ಲಿ ಕ್ರೈಸ್ತರೊಳಗೆ ಏಕಾಭಿಪ್ರಾಯವಿಲ್ಲ. ಪ್ರಾಟೆಸ್ಟಂಟ್ ಸುಧಾರಣೆಯ ಮುಂದಾಳುಗಳಾದ ಲೂಥರನೂ ಸ್ವಿಂಗ್ಲಿಯೂ 1529ರಲ್ಲಿ ಮಾರ್ಬುರ್ಗಿನಲ್ಲಿ ಸೇರಿ ಉಳಿದೆಲ್ಲ ವಿಷಯಗಳಲ್ಲಿಯೂ ಹೆಚ್ಚುಕಡಿಮೆ ಒಮ್ಮತಕ್ಕೆ ಬಂದು, ಕ್ರಿಸ್ತನು ಆ ರೊಟ್ಟಿಯಲ್ಲಿ ನಿಜವಾಗಿ ಇರುವನೋ ಅದು ಆತನ ಗುರುತು ಮಾತ್ರವೋ ಎಂಬ ಒಂದೇ ಪ್ರಶ್ನೆಯಲ್ಲಿ ಬೇರೆಯಾದರು. ರೊಟ್ಟಿಯ ತತ್ತ್ವವೇ ಕ್ರಿಸ್ತನ ದೇಹವಾಗಿ ಪರಿವರ್ತಿತವಾಗುವುದೆಂದು ಕಥೋಲಿಕರ ಟ್ರೆಂಟ್ ಮಹಾಸಭೆ 1551ರಲ್ಲಿ ನಿರ್ಣಯಿಸಿತು. ಇಷ್ಟನ್ನು ತಿಳಿದರೆ ಸಾಮಾನ್ಯ ಓದುಗನಿಗೆ ಸಾಕು. ಬಾಸೆಲ್ ಮಿಶನ್ನಿನಲ್ಲಿ ಲೂಥರನ ಪರಂಪರೆಯವರೂ ಸ್ವಿಟ್ಜರ್ಲೆಂಡಿನ ಸುಧಾರಿತ ಪರಂಪರೆಯವರೂ ಕೂಡಿ ಕೆಲಸಮಾಡುತ್ತಿದ್ದುದರಿಂದ, ಮಾರ್ಬುರ್ಗಿನಲ್ಲಿ ಒಡೆದ ಪಂಕ್ತಿ ನಮ್ಮ ಧಾರವಾಡ ಮಂಗಳೂರುಗಳ ಸಭೆಗಳಲ್ಲಿ ಒಂದಾಗಿಯೇ ಕುಳಿತಿತೆಂಬುದನ್ನು ಮಾತ್ರ ಸಂತೋಷದಿಂದ ಸೇರಿಸುತ್ತೇನೆ.

ಒಂದಾಗುವ ಈ ಹಂಬಲದಿಂದಲೇ ದಕ್ಷಿಣ ಭಾರತ ಸಭೆ ಹುಟ್ಟಿತು. 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆ 1947ರ ಸೆಪ್ಟೆಂಬರ್ 27ರಂದು, ದೇಶ ಸ್ವತಂತ್ರವಾದ ಆರು ವಾರಗಳ ತರುವಾಯ, ಮದರಾಸಿನ ಸಂತ ಜಾರ್ಜ್ ಪ್ರಧಾನಾಲಯದಲ್ಲಿ ಫಲಿಸಿತು. ನಡುವಣ ಇಪ್ಪತ್ತೆಂಟು ವರ್ಷಗಳ ಚರ್ಚೆಯಲ್ಲಿ ದೊಡ್ಡ ತೊಡಕಾಗಿದ್ದುದು ಕರ್ತನ ಮೇಜಿನ ಮುಂದೆ ನಿಂತು ರೊಟ್ಟಿಯನ್ನು ಮುರಿಯುವ ಅಧಿಕಾರ ಯಾರಿಗೆ, ಯಾರ ಹಸ್ತದಿಂದ ಬಂದುದಾಗಿರಬೇಕು ಎಂಬುದು. ಆಂಗ್ಲಿಕನರು, ವೆಸ್ಲಿಯನ್ ಮೆಥಡಿಸ್ಟರು, ಲಂಡನ್ ಮಿಶನ್ನಿನ ಪರಂಪರೆಯವರು ಒಂದು ಮೇಜಿಗೆ ಬಂದ ಮೇಲೆ, 1950ರಲ್ಲಿ ಹೊಸ ಸಭೆ ತನ್ನದೇ ಆದ ಭೋಜನಕ್ರಮವನ್ನು ರಚಿಸಿಕೊಂಡಿತು. ಕೇರಳದ ಸಿರಿಯನ್ ಕ್ರೈಸ್ತರಿಂದ ತೆಗೆದುಕೊಂಡ ಒಂದು ವಿಧಿ ಅದರಲ್ಲಿದೆ: ರೊಟ್ಟಿಯನ್ನು ಅರ್ಪಿಸುವ ಮೊದಲು, ಮೇಜಿನ ಬಳಿಯಿಂದ ಹೊರಟ ಸಮಾಧಾನದ ಹಸ್ತ ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ, ಕಡೆಯ ಸಾಲಿನವರೆಗೂ ಸಾಗುತ್ತದೆ, ಕೊಡುವವನು ಪಡೆಯುವವನ ಕೈಯನ್ನು ತನ್ನ ಎರಡು ಅಂಗೈಗಳ ನಡುವೆ ಹಿಡಿಯುತ್ತಾನೆ. ಆ ಕ್ರಮವನ್ನು ಪಶ್ಚಿಮದೇಶಗಳ ವಿದ್ವಾಂಸರು ಆಸಕ್ತಿಯಿಂದ ಅಭ್ಯಾಸಮಾಡಿದರು. ಮುಂದೆ ಅನೇಕ ದೇಶಗಳ ಸಭೆಗಳು ತಮ್ಮ ಆರಾಧನೆಯನ್ನು ತಿದ್ದಿಕೊಂಡಾಗ ಜನರ ನಡುವಣ ಈ ಸಮಾಧಾನವನ್ನು ಅಳವಡಿಸಿಕೊಂಡುವು. ಮಾತು ಬಿಟ್ಟ ದಾಯಾದಿಗಳ ಬಗ್ಗೆ ಮೇಲೆ ಹೇಳಿದೆನಲ್ಲವೆ? ಅವರಿಬ್ಬರೂ ಒಂದೇ ಬೆಂಚಿನಲ್ಲಿದ್ದರೆ ಆ ಹಸ್ತ ಅವರ ನಡುವೆಯೂ ಸಾಗಲೇಬೇಕು.

ಕಥೋಲಿಕರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಲತೀನಿನ ಜಾಗದಲ್ಲಿ ಜನರ ಭಾಷೆಗೆ ಬಾಗಿಲು ತೆರೆದುದರಿಂದ ಬಲಿಪೂಜೆ ಕನ್ನಡವನ್ನು ನುಡಿಯಲಾರಂಭಿಸಿತು. 1969ರಲ್ಲಿ ಭಾರತಕ್ಕೆಂದೇ ಹನ್ನೆರಡು ಮಾರ್ಪಾಡುಗಳಿಗೆ ರೋಮಿನ ಒಪ್ಪಿಗೆ ದೊರೆಯಿತು: ಪಾದರಕ್ಷೆ ಕಳಚಿ ನೆಲದ ಮೇಲೆ ಕುಳಿತುಕೊಳ್ಳುವುದು, ಮೊಣಕಾಲೂರುವುದಕ್ಕೆ ಬದಲಾಗಿ ಕೈಮುಗಿದು ಬಾಗುವುದು, ಮೊಂಬತ್ತಿಗೆ ಬದಲಾಗಿ ಎಣ್ಣೆಯ ದೀಪ, ಆರತಿ, ಸಮಾಧಾನವನ್ನು ಅಂಜಲಿಬದ್ಧರಾಗಿ ಸೂಚಿಸುವುದು ಇತ್ಯಾದಿ. ಈ ಪ್ರಯತ್ನದ ಕೇಂದ್ರ ಬೆಂಗಳೂರಿನಲ್ಲಿಯೇ ಇತ್ತು. ಅಮಲೋರ್ಪವದಾಸ್ ಎಂಬ ಗುರುಗಳು ಅಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿ ಇದನ್ನು ಮುನ್ನಡೆಸಿದರು. ಇದು ಹಿಂದೂಗಳ ಅನುಕರಣವೆಂದು ಕೆಲವು ಕಥೋಲಿಕರು ಮುನಿದರು. ನಮ್ಮನ್ನು ಹೊರಗಿಟ್ಟಿದ್ದ ಗುಡಿಯ ಆಚಾರವನ್ನೇ ಇಲ್ಲಿಗೂ ತರುತ್ತಿದ್ದೀರೆಂದು ದಲಿತ ಕ್ರೈಸ್ತರು ನೊಂದು ನುಡಿದರು. ಎರಡನೆಯ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣಲಾರೆ. ನೆಲದ ಮೇಲೆ ಕುಳಿತು ಕೈಮುಗಿಯುವುದು ನನಗೆ ಸಹಜವೂ ಸುಂದರವೂ ಆಗಿ ತೋರುತ್ತದೆಯಾದರೂ, ಇನ್ನೊಬ್ಬನಿಗೆ ಅದು ಹಳೆಯ ಅವಮಾನವನ್ನು ನೆನಪಿಗೆ ತರುವುದಾದರೆ ಆ ಪಂಕ್ತಿಯಲ್ಲಿ ಅವನ ಮಾತಿಗೆ ನನ್ನ ಅಭಿರುಚಿಗಿಂತ ಹೆಚ್ಚಿನ ಬೆಲೆ ಸಲ್ಲತಕ್ಕದ್ದು.

ನೋವಿನ ಸಂಗತಿಯೊಂದುಂಟು. ಒಂದೇ ಬೀದಿಯ ಕಥೋಲಿಕನೂ ಪ್ರಾಟೆಸ್ಟಂಟನೂ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುತ್ತಾರೆ, ಒಬ್ಬರ ಹೆಣಕ್ಕೆ ಒಬ್ಬರು ಹೆಗಲು ಕೊಡುತ್ತಾರೆ. ಆದರೆ ಈ ಭೋಜನಕ್ಕೆ ಅವರು ಸಾಮಾನ್ಯವಾಗಿ ಕೂಡಿ ಕುಳಿತುಕೊಳ್ಳುವಂತಿಲ್ಲ. ಕ್ರಿಸ್ತನ ಸಾನ್ನಿಧ್ಯವನ್ನೂ ಗುರುದೀಕ್ಷೆಯನ್ನೂ ಕುರಿತ ನಂಬಿಕೆ ಒಂದಾಗುವ ಮೊದಲು ಪಂಕ್ತಿ ಒಂದಾಗಬಾರದೆಂಬುದು ಕಥೋಲಿಕರ ನಿಲುವು. ಪಂಕ್ತಿ ಒಂದಾದರೆ ನಂಬಿಕೆಯೂ ಒಂದಾದೀತೆಂಬುದು ಪ್ರಾಟೆಸ್ಟಂಟರಲ್ಲಿ ಅನೇಕರ ಆಶೆ. ಎರಡೂ ಆ ರೊಟ್ಟಿಯ ಮೇಲಿನ ಗೌರವದಿಂದಲೇ ಹುಟ್ಟಿದುವು.

ಕಾಯಿಲೆಯಿಂದಲೋ ಮುಪ್ಪಿನಿಂದಲೋ ಚರ್ಚಿಗೆ ಬರಲಾರದವರನ್ನು ಮರೆಯದಿರುವುದು ಈ ಸಂಸ್ಕಾರದ ಅತ್ಯಂತ ಹಳೆಯ ಪದ್ಧತಿಗಳಲ್ಲೊಂದು. ಎರಡನೆಯ ಶತಮಾನದ ನಡುವಿನಲ್ಲಿ ರೋಮಿನಲ್ಲಿ ಬರೆದ ಕ್ರೈಸ್ತ ಲೇಖಕ ಜಸ್ಟಿನನು, ಆರಾಧನೆಗೆ ಬಾರದವರ ಪಾಲನ್ನು ಸೇವಕರು ಅವರವರ ಮನೆಗೆ ಕೊಂಡೊಯ್ಯುತ್ತಿದ್ದರೆಂದು ತಿಳಿಸುತ್ತಾನೆ. ಇಂದಿಗೂ ಗುರುಗಳೋ ಸಭಾಪಾಲಕರೋ ಚಿಕ್ಕ ಪೆಟ್ಟಿಗೆಯೊಂದರಲ್ಲಿ ಅದನ್ನು ಇಟ್ಟುಕೊಂಡು ಹಾಸಿಗೆ ಹಿಡಿದವರ ಬಳಿಗೆ ಹೋಗುತ್ತಾರೆ. ಎಷ್ಟೋ ದಿನಗಳಿಂದ ಗಂಜಿಯನ್ನೂ ನುಂಗಲಾರದವರು ಅದರ ಒಂದು ಕಣವನ್ನು ಬಾಯಿ ತೆರೆದು ಬೇಡುವುದುಂಟು.

ನಮ್ಮ ಕಡೆಯ ಹಿಂದೂ ಮುಸಲ್ಮಾನ ಸ್ನೇಹಿತರು ಚರ್ಚಿನ ಮದುವೆಗೆ ಬಂದಾಗ, “ನಾವೂ ಹೋಗಿ ತಗೋಬಹುದಾ ಸ್ವಾಮಿ?” ಎಂದು ಮೆಲ್ಲನೆ ಕೇಳುತ್ತಾರೆ. ಶಿವಗಂಗೆಯ ತೀರ್ಥಪ್ರಸಾದವನ್ನು ಬಂದವರೆಲ್ಲರಿಗೂ ಕೊಡುವುದನ್ನು ಕಂಡವರಿಗೆ ಈ ಪ್ರಶ್ನೆ ಸಹಜವಾದುದೇ. ದೀಕ್ಷಾಸ್ನಾನವಾದವರಿಗೆ ಮಾತ್ರ ಅದು ಸಲ್ಲುವುದೆಂಬುದು ಸಭೆಗಳ ಸಾಮಾನ್ಯ ನಿಯಮವಾದುದರಿಂದ ಅವರು ತಮ್ಮ ಸ್ಥಳದಲ್ಲಿಯೇ ಕುಳಿತಿದ್ದರೆ ಸಾಕು. ಅದರಿಂದ ಅಗೌರವವೇನೂ ಆಗದು. ಕೆಲವು ಕಡೆ ಎದೆಯ ಮೇಲೆ ಕೈಗಳನ್ನು ಅಡ್ಡವಾಗಿಟ್ಟು ಮುಂದೆ ಹೋದರೆ ಗುರುಗಳು ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ. ಇದೊಂದು ವ್ರತವನ್ನು ಕೈಕೊಂಡಂತೆ, ತುತ್ತಿನ ಜತೆಯಲ್ಲಿ ಕೊಟ್ಟ ಮಾತೂ ಗಂಟಲಿಗಿಳಿಯುತ್ತದೆ, ಆ ಮಾತನ್ನು ಕೊಡದವರ ಮೇಲೆ ಅದರ ಭಾರವನ್ನು ಹೊರಿಸಬಾರದೆಂದೇ ಈ ಕಟ್ಟು ಎಂದು ನಾನು ಅವರಿಗೆ ವಿವರಿಸುತ್ತೇನೆ. ವಿವರಣೆ ಸರಿಯಾದುದೇ. ಆದರೂ, ಪಂಕ್ತಿಭೇದವನ್ನು ಅಳಿಸಲೆಂದು ಹಾಕಿದ ಎಲೆಯ ಮುಂದೆ ಕುಳಿತವನು ತನ್ನ ಸ್ನೇಹಿತನಿಗೆ “ನೀವು ಇಲ್ಲಿಯೇ ಇರಿ” ಎಂದು ಹೇಳಿ ತಾನೊಬ್ಬನೇ ಎದ್ದು ಹೋಗುವಾಗ, ಅವನ ಮನಸ್ಸು ಪೂರ್ತಿಯಾಗಿ ನಿರಾಳವಾಗಿರುವುದಿಲ್ಲ. ಇರಬಾರದೆಂದೂ ನನಗೆ ತೋರುತ್ತದೆ.